ಅಂಕಿತ ಅಳಿದ ಹಾಡುಗಳು

1951ನೆಯ ಇಸವಿ ಸೆಪ್ಟೆಂಬರ್ 8ರಂದು ಸಾನ್ ಫ್ರಾನ್ಸಿಸ್ಕೊ ನಗರದಲ್ಲಿ ಜಪಾನಿನ ಪ್ರಧಾನಿ ಯೋಶಿದಾ ಶಿಗೆರು ಶಾಂತಿ ಒಪ್ಪಂದಕ್ಕೆ ರುಜು ಹಾಕಿದರು. ಆರು ವರ್ಷ ಪರರ ಸೇನೆಯ ಅಂಕೆಯಲ್ಲಿದ್ದ ನಾಡಿಗೆ ತನ್ನ ಯಜಮಾನಿಕೆ ಮರಳಿ ಬರುವ ದಾರಿ ಅಂದು ತೆರೆಯಿತು. ಚರಿತ್ರೆಯ ಪುಸ್ತಕಗಳು ಈ ದಿನವನ್ನು ತಪ್ಪದೆ ಬರೆದಿಟ್ಟುಕೊಂಡಿವೆ. ಅದರ ಹಿಂದಿನ ದಿನ, ಸೆಪ್ಟೆಂಬರ್ 7ರಂದು, ನಗೋಯಾ ಪಟ್ಟಣದ ಒಂದು ಬಾನುಲಿ ಕೇಂದ್ರದಿಂದ ಒಂದು ಪುಟ್ಟ ಹಾಡು ಹೊರಟಿತು. ಆ ಕೇಂದ್ರ ಹುಟ್ಟಿ ಆಗಿನ್ನೂ ವಾರ ಕಳೆದಿರಲಿಲ್ಲ. ಹಾಡಿದವರು ಹವಾಯಿಯ ಹೊನೊಲುಲುವಿನಲ್ಲಿ ಹುಟ್ಟಿದ ಜನಪ್ರಿಯ ಗಾಯಕ ಹೈದಾ ಕತ್ಸುಹಿಕೊ. ಹಾಡಿನ ಹೆಸರು ‘ನಾನು ಹವ್ಯಾಸಿ ಕ್ಯಾಮೆರಾಮನ್’. ಕ್ಯಾಮೆರಾ ಹಿಡಿದು ಹುರುಪಿನಿಂದ ಹೊರಟ ಒಬ್ಬ ಸಾಮಾನ್ಯ ಗೃಹಸ್ಥ ತೆಗೆದ ಪಟಗಳೆಲ್ಲ ಮಸುಕಾಗಿ ಬಂದವೆಂದು ತನ್ನನ್ನು ತಾನೇ ಗೇಲಿ ಮಾಡಿಕೊಳ್ಳುವುದು ಅದರ ವಸ್ತು. ಜಪಾನಿನ ಜಾಹೀರಾತು ಹಾಡುಗಳ ವಂಶಾವಳಿ ಬರೆಯುವವರು ಮೊದಲ ಹೆಸರಾಗಿ ಇದನ್ನೇ ಬರೆಯುತ್ತಾರೆ. ಸೆಪ್ಟೆಂಬರ್ 7 ಇಂದಿಗೂ ಆ ದೇಶದಲ್ಲಿ ಜಾಹೀರಾತು ಹಾಡಿನ ದಿನ.

ಈ ಹಾಡಿಗೆ ಹಣ ಕೊಟ್ಟದ್ದು ‘ಸಕುರಾ’ ಫಿಲ್ಮ್ ತಯಾರಿಸುತ್ತಿದ್ದ ಕೊನಿಶಿರೊಕು ಎಂಬ ಕಂಪನಿ. ಮುಂದೆ ಕೊನಿಕಾ ಎಂದು ಜಗತ್ತಿಗೆ ಪರಿಚಯವಾದದ್ದು ಇದೇ. ಆದರೆ ಹಾಡಿನೊಳಗೆ ಕಂಪನಿಯ ಹೆಸರಿಲ್ಲ, ಫಿಲ್ಮಿನ ಹೆಸರೂ ಇಲ್ಲ. ಅಷ್ಟು ಸಾಲದೆಂಬಂತೆ, ಫಿಲ್ಮ್ ಮಾರುವವನ ದುಡ್ಡಿನಲ್ಲಿ ಕೆಟ್ಟುಹೋದ ಪಟಗಳ ಹಾಡು! ಇಂದಿನ ಯಾವ ಮಾರಾಟ ವಿಭಾಗದ ಮುಖ್ಯಸ್ಥನೂ ಇಂಥದ್ದಕ್ಕೆ ಒಪ್ಪಿಗೆ ಕೊಡಲಾರ. ಅಂದು ಒಪ್ಪಿದರು. ಅಲ್ಲಿಯವರೆಗೆ ಆ ದೇಶದ ಬಾನುಲಿಯೆಂದರೆ ಎನ್‌ಎಚ್‌ಕೆ ಎಂಬ ಸಾರ್ವಜನಿಕ ಪ್ರಸಾರ ಸಂಸ್ಥೆ ಒಂದೇ. ಅದರಲ್ಲಿ ಜಾಹೀರಾತಿಗೆ ಎಡೆಯಿರಲಿಲ್ಲ. 1950ರ ಹೊಸ ಕಾನೂನಿನಿಂದ ಖಾಸಗಿ ಕೇಂದ್ರಗಳಿಗೆ ಅವಕಾಶವಾಗಿ, 1951ರ ಸೆಪ್ಟೆಂಬರ್ 1ರಂದು ನಗೋಯಾದಲ್ಲೂ ಒಸಾಕಾದಲ್ಲೂ ಮೊದಲ ಎರಡು ಕೇಂದ್ರಗಳು ದನಿ ತೆರೆದಿದ್ದವು. ಜಾಹೀರಾತಿನ ಹಾಡು ಹೀಗೇ ಇರಬೇಕೆಂಬ ವಾಡಿಕೆ ಇನ್ನೂ ಹುಟ್ಟಿರಲಿಲ್ಲ.

ಹಾಡು ಕಟ್ಟಿದವರು ಮಿಕಿ ತೊರಿರೊ. 1914ರಲ್ಲಿ ಹುಟ್ಟಿ, ಟೋಕಿಯೊ ಇಂಪೀರಿಯಲ್ ವಿಶ್ವವಿದ್ಯಾಲಯದಲ್ಲಿ ಕಾನೂನು ಓದಿ, ವಕೀಲಿಕೆಗೆ ಹೋಗದೆ ಸಂಗೀತಕ್ಕೆ ಬಂದವರು. ಯುದ್ಧ ಮುಗಿದ ಹಸಿವಿನ ದಿನಗಳಲ್ಲಿ, 1947ರಿಂದ, ಎನ್‌ಎಚ್‌ಕೆಯಲ್ಲಿ ‘ಭಾನುವಾರದ ಮನರಂಜನಾ ಸಂಚಿಕೆ’ ಎಂಬ ಕಾರ್ಯಕ್ರಮ ನಡೆಸುತ್ತಿದ್ದರು. ಮಂತ್ರಿಗಳು, ಅಧಿಕಾರಿಗಳು, ಪಡಿತರ, ಲಂಚ ಯಾವುದನ್ನೂ ಬಿಡದೆ ಹಾಡಿನಲ್ಲಿ ಹಿಡಿದು ಆಡಿಸುತ್ತಿದ್ದರು. ಅಧಿಕಾರದಲ್ಲಿದ್ದವರಿಗೆ ಇದು ಹಿತವಾಗಲಿಲ್ಲ; 1952ರಲ್ಲಿ ಕಾರ್ಯಕ್ರಮ ನಿಂತಿತು. ಸರಕಾರವನ್ನು ಕೆಣಕಿದ ಆ ಚುರುಕು ನಾಲಗೆ ಅನಂತರ ಸಾಬೂನು, ದೀಪ, ಶೀತದ ಮಾತ್ರೆಗಳ ಗುಣಗಾನಕ್ಕೆ ತಿರುಗಿತು. ಇದನ್ನು ಪತನವೆಂದು ಕರೆಯಬೇಕೇ? ನನಗೆ ಹಾಗನ್ನಿಸುವುದಿಲ್ಲ. ವ್ಯಂಗ್ಯಕ್ಕೆ ಬೇಕಾದ ಹದವೇ, ಅಂದರೆ ಕಡಿಮೆ ಮಾತು, ಥಟ್ಟನೆ ಹಿಡಿಯುವ ಮಟ್ಟು, ಕೇಳಿದವನು ಮನೆಗೆ ಹೋಗಿ ಗುನುಗುವಂಥ ಕೊನೆ, ಈ ಹೊಸ ಕಸುಬಿಗೂ ಬೇಕಾಗಿತ್ತು.

1954ರಲ್ಲಿ ಮಿತ್ಸುವಾ ಸಾಬೂನಿಗೆ ಮಿಕಿ ಕಟ್ಟಿದ ಹಾಡಿನಿಂದ ಒಂದು ಬದಲಾವಣೆ ಗಟ್ಟಿಯಾಯಿತು. ಹೆಸರು ಹಾಡಿನೊಳಕ್ಕೆ ಬಂತು. ಮೂರು ಬಳೆಗಳ ಗುರುತಿನ ಆ ಸಾಬೂನಿನ ಹೆಸರನ್ನೇ ಬಿಡಿಸಿ, ಒಂದೇ ಅಕ್ಷರವನ್ನು ಮೇಲಿಂದ ಮೇಲೆ ಕುಣಿಸಿ, ಮಕ್ಕಳ ಬಾಯಿಗೆ ಕೊಟ್ಟರು. ಮತ್ಸುಶಿತಾ ಕಂಪನಿಯ ‘ನ್ಯಾಷನಲ್’ ವಿದ್ಯುತ್ ಸಾಮಾನುಗಳಿಗೆ ಬೆಳಕು ತುಂಬಿದ ಮನೆಯ ಹಾಡು ಬಂತು. ಸಾಂಕ್ಯೊ ಕಂಪನಿಯ ‘ಲೂಲೂ’ ಎಂಬ ಶೀತದ ಮಾತ್ರೆಗೆ, ಸೀನಿನ ಎಣಿಕೆಯನ್ನೂ ಮಾತ್ರೆಯ ಎಣಿಕೆಯನ್ನೂ ತಾಳೆ ಹಾಕಿದ ತಮಾಷೆ ಬಂತು. ದಾಸರ ಪದದ ಕೊನೆಯಲ್ಲಿ ಅಂಕಿತ ಬರುವ ಹಾಗೆ ಈ ಹಾಡುಗಳ ಕೊನೆಯಲ್ಲಿ ಸರಕಿನ ಹೆಸರು ಬಂದು ಕೂತಿತು. ಹೋಲಿಕೆ ಅಪಚಾರವೆನಿಸಿದರೆ ಓದುಗರು ಮನ್ನಿಸಬೇಕು. ಕೇಳುವ ಕಿವಿಯ ಮಟ್ಟಿಗೆ ಎರಡರ ಕೆಲಸವೂ ಒಂದೇ. ಪದ ಮುಗಿಯಿತು, ಇದು ಯಾರದೆಂದು ತಿಳಿಯಿತು. ಮುಂದಿನ ಅರ್ಧ ಶತಮಾನದ ಕಥೆಯೆಂದರೆ ಈ ಅಂಕಿತ ಮೆರೆದ ಬಗೆ, ಆಮೇಲೆ ಅದು ಮೆಲ್ಲನೆ ಅಳಿದ ಬಗೆ.

ಟೆಲಿವಿಷನ್ ಬಂದದ್ದು 1953ರಲ್ಲಿ. ಫೆಬ್ರವರಿ 1ರಂದು ಎನ್‌ಎಚ್‌ಕೆ ಚಿತ್ರ ಪ್ರಸಾರ ಶುರು ಮಾಡಿದಾಗ ಇಡೀ ದೇಶದಲ್ಲಿ ಲೈಸೆನ್ಸ್ ಪಡೆದ ಟೀವಿಗಳು 866. ಶಾರ್ಪ್ ಕಂಪನಿಯ ಮೊದಲ ಟೀವಿಯ ಬೆಲೆ 1,75,000 ಯೆನ್. ಸರಕಾರಿ ನೌಕರಿಗೆ ಹೊಸದಾಗಿ ಸೇರಿದ ಹುಡುಗನ ತಿಂಗಳ ಸಂಬಳ 5,400 ಯೆನ್. ಅದೇ ವರ್ಷ ಆಗಸ್ಟ್ 28ರಂದು ಖಾಸಗಿ ವಲಯದ ನಿಪ್ಪಾನ್ ಟೆಲಿವಿಷನ್ ಆರಂಭವಾಯಿತು. ಮೊದಲ ಜಾಹೀರಾತು ಸೇಯ್ಕೊಶಾ ಗಡಿಯಾರದ ಸಮಯಸೂಚನೆ. ಅವಸರದಲ್ಲಿ ಫಿಲ್ಮನ್ನು ತಿರುವುಮುರುವಾಗಿ ಹಾಕಿ ಮಧ್ಯಾಹ್ನದ ಆ ಮುಹೂರ್ತವೇ ಕೆಟ್ಟಿತೆಂಬ ಕಥೆಯೂ ಇದೆ. ಮನೆಗೆ ಟೀವಿ ತರಲಾಗದ ಜನ ರೈಲು ನಿಲ್ದಾಣಗಳ ಎದುರು ನಿಲ್ಲಿಸಿದ್ದ ಬೀದಿ ಟೀವಿಗಳ ಮುಂದೆ ನೆರೆದು ರಿಕಿದೋಜನ್ ಎಂಬ ಮಲ್ಲನ ಕುಸ್ತಿ ನೋಡುತ್ತಿದ್ದರು. ಕುಸ್ತಿಯ ನಡುವೆ ಬಂದ ಹಾಡುಗಳು ಪುಕ್ಕಟೆಯಾಗಿ ಅವರ ಮನೆ ಸೇರಿದವು. 1959ರ ಏಪ್ರಿಲ್‌ನಲ್ಲಿ ಯುವರಾಜನ ಮದುವೆ ನೋಡಲೆಂದೇ ಟೀವಿ ಕೊಂಡವರು ಲೆಕ್ಕವಿಲ್ಲದಷ್ಟು ಮಂದಿ; ಆ ಹೊತ್ತಿಗೆ ಲೈಸೆನ್ಸ್‌ಗಳ ಸಂಖ್ಯೆ 20 ಲಕ್ಷ ದಾಟಿತ್ತು.

ಮಿಕಿ ತೊರಿರೊ ಅವರ ಸುತ್ತ ನೆರೆದ ಯುವಕರ ಗುಂಪು ಒಂದು ಆಸ್ಥಾನದಂತಿತ್ತು. ಜಗತ್ತು ‘ಸುಕಿಯಾಕಿ’ ಎಂದು ಕರೆದ ಗೀತೆಯ ಕವಿ ಎಯ್ ರೊಕುಸುಕೆ ಅಲ್ಲಿಂದಲೇ ಬಂದವರು. ಇಜುಮಿ ತಾಕು ಎಂಬ ಸಂಯೋಜಕರೂ ಅಲ್ಲಿಯವರೇ. ಮೇಯ್ಜಿ ಚಾಕೊಲೇಟಿನ ಹಾಡಿಗೆ ಮಟ್ಟು ಹಾಕಿದ ಅವರು ಕೊನೆಗಾಲದಲ್ಲಿ ಸಂಸತ್ತಿನ ಮೇಲ್ಮನೆಗೂ ಆರಿಸಿಬಂದರು. ಇನ್ನೊಬ್ಬನ ಕಥೆಯನ್ನು ಮಾತ್ರ ಸ್ವಲ್ಪ ನಿಂತು ಹೇಳಬೇಕು.

ನೊಸಾಕಾ ಅಕಿಯುಕಿ 1945ರ ಕೋಬೆ ಬಾಂಬು ದಾಳಿಯಲ್ಲಿ ಮನೆ ಕಳೆದುಕೊಂಡ ಹುಡುಗ. ಸಾಕುತಂದೆ ತೀರಿಕೊಂಡರು. ಕೈಯಲ್ಲಿ ಉಳಿದದ್ದು ಇನ್ನೂ ಮಾತು ಬಾರದ ಪುಟ್ಟ ತಂಗಿ. ಅವಳೂ ಕೆಲವೇ ವಾರಗಳಲ್ಲಿ ಹೊಟ್ಟೆಗಿಲ್ಲದೆ ಸತ್ತಳು. ಬೆಳೆದು ಟೋಕಿಯೊಗೆ ಬಂದು, ಮಿಕಿಯವರ ಕಚೇರಿಯಲ್ಲಿ ವ್ಯವಹಾರ ನೋಡಿಕೊಳ್ಳುತ್ತ, ಜಾಹೀರಾತಿಗೆ ಸಾಹಿತ್ಯ ಬರೆಯಲು ಕೂತ. 1961ರಲ್ಲಿ ಇತೊ ಎಂಬ ಬಿಸಿನೀರಿನ ಬುಗ್ಗೆಗಳ ಊರಿನ ಹಾತೊಯಾ ಹೋಟೆಲಿಗಾಗಿ ಅವನು ಬರೆದು ಇಜುಮಿ ತಾಕು ಮಟ್ಟು ಹಾಕಿದ ಹಾಡು ಮೂಡಣ ಜಪಾನಿನ ಮಕ್ಕಳಿಗೆಲ್ಲ ಬಾಯಿಪಾಠ. ಇತೊಗೆ ಹೋದರೆ ಎಲ್ಲಿ ಇಳಿದುಕೊಳ್ಳಬೇಕು, ಫೋನ್ ನಂಬರು ಏನು, ಇಷ್ಟೇ ವಿಷಯ. ನಂಬರು 4126, ಜಪಾನಿ ಬಾಯಲ್ಲಿ ಅದನ್ನು ‘ಒಳ್ಳೆಯ ಸ್ನಾನ’ ಎಂದೂ ಓದಬಹುದು. ಆರು ವರ್ಷದ ಬಳಿಕ, 1967ರಲ್ಲಿ, ಇದೇ ಕೈ ‘ಮಿಂಚುಹುಳುಗಳ ಸಮಾಧಿ’ ಎಂಬ ಕಥೆ ಬರೆಯಿತು. ಹಸಿದು ಸಾಯುವ ಅಣ್ಣತಂಗಿಯರ ಆ ಕಥೆಗೆ ನವೊಕಿ ಪ್ರಶಸ್ತಿ ಬಂತು. 1988ರಲ್ಲಿ ಜಿಬ್ಲಿ ಸ್ಟುಡಿಯೊ ಅದನ್ನು ಚಲನಚಿತ್ರ ಮಾಡಿದಾಗ ನೋಡಿದವರು ಮಾತು ಕಳೆದುಕೊಂಡರು. ಹೋಟೆಲಿನ ಫೋನ್ ನಂಬರನ್ನೂ ತಂಗಿಯ ಸಾವನ್ನೂ ಬರೆದ ಲೇಖನಿ ಒಂದೇ. ಯುದ್ಧ ಕಂಡ ಆ ಪೀಳಿಗೆಗೆ ತುಂಬಿದ ಹೊಟ್ಟೆ, ಬಿಸಿನೀರು, ದೀಪ ಉರಿಯುವ ಮನೆ ಎನ್ನುವುದು ಹಗುರವಾದ ವಸ್ತುವಾಗಿರಲಿಲ್ಲ. ಆ ಕಾಲದ ಜಾಹೀರಾತು ಹಾಡುಗಳಲ್ಲಿ ಕೇಳುವ ಉಲ್ಲಾಸ ನಟನೆಯಲ್ಲವೆಂದು ನಾನು ನಂಬುವುದು ಇದಕ್ಕೇ.

1963ರಲ್ಲಿ ಅಂಕಿತದ ಪ್ರತಾಪ ತುತ್ತತುದಿ ಮುಟ್ಟಿತು. ‘ಟೆತ್ಸುಜಿನ್ 28’ ಎಂಬ ಉಕ್ಕಿನ ಯಂತ್ರಮಾನವನ ಕಾರ್ಟೂನು ಧಾರಾವಾಹಿಗೆ ಮಿಕಿಯವರೇ ಶೀರ್ಷಿಕೆ ಗೀತೆ ಕಟ್ಟಿದರು. ಪ್ರಾಯೋಜಕ ಮಿಠಾಯಿ ಕಂಪನಿ ಗ್ಲಿಕೊ. ವೀರರಸದಲ್ಲಿ ಸಾಗಿದ ಗೀತೆಯ ಕೊನೆಗೆ ಗ್ಲಿಕೊ ಹೆಸರನ್ನು ಜಯಘೋಷವಾಗಿ ಕೂಗಿಬಿಟ್ಟರು. ಯಂತ್ರಮಾನವ ಗೆದ್ದದ್ದು ಯಾರ ಬಲದಿಂದ ಎಂಬುದರಲ್ಲಿ ಮಕ್ಕಳಿಗೆ ಸಂಶಯ ಉಳಿಯಲಿಲ್ಲ!

ಆ ಹೊತ್ತಿಗೆ ಇನ್ನೊಬ್ಬ ದೊಡ್ಡವರು ತಲೆಯೆತ್ತಿದ್ದರು. ಕೊಬಯಾಶಿ ಅಸೇಯ್ 1932ರಲ್ಲಿ ಹುಟ್ಟಿದವರು. ಕೇಯೊ ವಿಶ್ವವಿದ್ಯಾಲಯದಲ್ಲಿ ಓದಿದವರು. ಗಾತ್ರದಲ್ಲಿ ಭಾರಿ ಆಳು. 1974ರಲ್ಲಿ ಒಂದು ಟೀವಿ ಧಾರಾವಾಹಿಯಲ್ಲಿ ಸಿಡುಕು ಅಪ್ಪನ ಪಾತ್ರ ಮಾಡಿ ನಟರಾಗಿಯೂ ಮನೆಮಾತಾದರು. 1961ರಲ್ಲಿ ರೆನೌನ್ ಎಂಬ ಸಿದ್ಧ ಉಡುಪಿನ ಕಂಪನಿಗೆ ಅವರು ಕಟ್ಟಿದ ಹಾಡನ್ನು ಮುಂದೆ ಫ್ರಾನ್ಸಿನ ತಾರೆ ಸಿಲ್ವಿ ವಾರ್ತಾನ್ ಕೂಡ ಜಪಾನಿಯಲ್ಲಿ ಹಾಡಿದರು. ಕಂಪನಿ 2020ರಲ್ಲಿ ದಿವಾಳಿಯೆದ್ದಾಗ ಅದರ ಬಟ್ಟೆಗಿಂತ ಆ ಹಾಡನ್ನೇ ನೆನೆದವರು ಬಹಳ. 1967ರಲ್ಲಿ ಸಂಟೋರಿ ಓಲ್ಡ್ ವಿಸ್ಕಿಗಾಗಿ ಅವರು ಮಾಡಿದ್ದರಲ್ಲಿ ಮಾತೇ ಇಲ್ಲ. ಗಿಟಾರಿನ ಮೇಲೆ ಗಂಡುದನಿಯೊಂದು ಅರ್ಥವಿಲ್ಲದ ಉಲಿಗಳನ್ನು ಉಲಿಯುತ್ತ ಹೋಗುತ್ತದೆ. ಕೆಲಸ ಮುಗಿಸಿ ಮನೆಗೆ ಬಂದ ಮಧ್ಯವಯಸ್ಕನ ರಾತ್ರಿಗೆ ಅದಕ್ಕಿಂತ ಹೆಚ್ಚಿನ ಮಾತು ಬೇಕಿರಲಿಲ್ಲ.

ಕೊಬಯಾಶಿ ಅವರ ದೊಡ್ಡ ಕೃತಿ 1973ರದು. ಆ ವರ್ಷದ ಅಕ್ಟೋಬರಿನಲ್ಲಿ ತೈಲದ ಬಿಕ್ಕಟ್ಟು ಬಂದೆರಗಿ, ಮನೆವಾರ್ತೆಯ ಹೆಂಗಸರು ಟಾಯ್ಲೆಟ್ ಪೇಪರಿಗಾಗಿ ಅಂಗಡಿಗಳಲ್ಲಿ ನೂಕಾಡಿದರು. ಎರಡು ದಶಕ ಓಡಿದ ನಾಡು ಮುಗ್ಗರಿಸಿದ ವರ್ಷ ಅದು. ಆ ವರ್ಷವೇ ಹಿಟಾಚಿ ಕಂಪನಿಗಾಗಿ ಇತೊ ಅಕಿರಾ ಸಾಹಿತ್ಯ ಬರೆದು ಕೊಬಯಾಶಿ ಮಟ್ಟು ಹಾಕಿದ ‘ಹಿಟಾಚಿಯ ಮರ’ ಕೇಳಿಬಂತು. ಹೆಸರು ಗೊತ್ತಿಲ್ಲದ, ಯಾರೂ ಕಂಡಿರದ ಒಂದು ಮರ, ಅದರಲ್ಲಿ ಎಂಥ ಹೂ ಬಿಡಬಹುದೆಂಬ ಬೆರಗು, ಅಷ್ಟೇ. ಟರ್ಬೈನು, ಫ್ರಿಜ್ಜು, ಲಿಫ್ಟುಗಳ ಸುದ್ದಿಯಿಲ್ಲ. ಸಾಹಿತ್ಯ ಬರೆದ ಇತೊ ಕೂಡ ಮಿಕಿಯವರ ಗರಡಿಯಲ್ಲಿ ಪಳಗಿದವರೇ. ಗುರು ಹೆಸರನ್ನು ಹಾಡಿನೊಳಕ್ಕೆ ತಂದರು, ಶಿಷ್ಯ ಅದನ್ನು ಹೊರಗೆ ಕಳಿಸಿದರು.

ಮೊದಲು ಚಿತ್ರ ಬಿಡಿಸಿದ ಮರವನ್ನೇ ತೋರಿಸುತ್ತಿದ್ದರು. 1975ರಿಂದ ನಿಜವಾದ ಮರವೊಂದು ಬಂತು. ಹವಾಯಿಯ ಒವಾಹು ದ್ವೀಪದ ಮೊವಾನಲುವಾ ತೋಟದಲ್ಲಿ ಸುಮಾರು 40 ಮೀಟರ್ ಅಗಲಕ್ಕೆ ಕೊಡೆ ಬಿಚ್ಚಿ ನಿಂತ ಮರ. ಅದರ ಚಿತ್ರವನ್ನು ಬಳಸುವ ಹಕ್ಕಿಗೆ ಹಿಟಾಚಿ ವರ್ಷಕ್ಕೆ 4 ಲಕ್ಷ ಡಾಲರ್‌ವರೆಗೆ ಕೊಡುವ ಕರಾರಿತ್ತು. ತೋಟದ ಆರೈಕೆ ಬಹುಮಟ್ಟಿಗೆ ಆ ದುಡ್ಡಿನಲ್ಲೇ ನಡೆಯಿತು. ಯಾರೂ ಕಂಡಿಲ್ಲವೆಂದು ಹಾಡು ಹೇಳಿದರೂ ನಮ್ಮವರು ದಿನಾ ಕಾಣುವ ಮರವೇ ಅದು. ಬೆಂಗಳೂರಿನ ಕಬ್ಬನ್ ಪಾರ್ಕಿನಲ್ಲಿ, ಹಳೆಯ ರಸ್ತೆಗಳ ಇಕ್ಕೆಲಗಳಲ್ಲಿ ನೆರಳು ಚೆಲ್ಲಿ ನಿಂತಿರುವ ಮಳೆಮರದ ಜಾತಿಯದು. ಇಲ್ಲಿ ಅದರ ಕೆಳಗೆ ಆಟೊ ನಿಲ್ಲಿಸಿಕೊಳ್ಳುತ್ತೇವೆ. ಅಲ್ಲಿ ಜಪಾನಿನ ಪ್ರವಾಸಿಗಳು ಬಸ್ಸಿನಿಂದಿಳಿದು ಅದರ ಕೆಳಗೆ ನಿಂತು ಹಾಡುತ್ತಾರೆ.

‘ಹಿಟಾಚಿಯ ಮರ’ದ ಹಾಡಿಗೆ ಮೂರು ವರ್ಷ ಮುಂಚೆ ಇನ್ನೊಂದು ಸೋಜಿಗ ನಡೆದಿತ್ತು. ಒಸಾಕಾದ ತಾಂಚೊ ಎಂಬ ಹಳೆಯ ಕಂಪನಿ ಗಂಡಸರ ತಲೆಗೆ ಹಚ್ಚುವ ಪೊಮೇಡ್ ಮಾರಿ ಬದುಕುತ್ತಿತ್ತು. ಹುಡುಗರು ಕೂದಲು ಬೆಳೆಸಿ ಜಿಡ್ಡು ಹಚ್ಚುವುದನ್ನು ಬಿಟ್ಟಾಗ ಕಂಪನಿ ಕುಸಿಯತೊಡಗಿತು. 1970ರಲ್ಲಿ ‘ಮಂಡೋಮ್’ ಎಂಬ ಹೊಸ ಸರಣಿ ತಂದು, ಹಾಲಿವುಡ್ಡಿನ ಚಾರ್ಲ್ಸ್ ಬ್ರಾನ್ಸನ್‌ಗೆ ದುಡ್ಡು ಸುರಿದು ಜಾಹೀರಾತು ಮಾಡಿಸಿತು. ನಿರ್ದೇಶಿಸಿದವರು ಮುಂದೆ ‘ಹೌಸ್’ ಎಂಬ ವಿಚಿತ್ರ ಚಿತ್ರದಿಂದ ಹೆಸರಾದ ಒಬಯಾಶಿ ನೊಬುಹಿಕೊ. ಅಮೆರಿಕದ ಜೆರ್ರಿ ವಾಲೇಸ್ ಹಾಡಿದ ಹಾಡು ರೆಕಾರ್ಡಾಗಿ ಬಂದು ಭರ್ಜರಿಯಾಗಿ ಮಾರಾಟವಾಯಿತು. ಗಲ್ಲ ಸವರಿಕೊಂಡು ಗಡಸುದನಿಯಲ್ಲಿ ಆ ಹೆಸರು ಹೇಳುವುದು ಶಾಲೆಯ ಹುಡುಗರ ಆಟವಾಯಿತು. ಮರುವರ್ಷ ತಾಂಚೊ ತನ್ನ ಹೆಸರನ್ನೇ ಕೈಬಿಟ್ಟು ಮಂಡೋಮ್ ಕಂಪನಿಯಾಯಿತು. ಹಾಡಿಗೆ ಕಂಪನಿಯ ಹೆಸರು ಕೊಡುವುದು ವಾಡಿಕೆ. ಇಲ್ಲಿ ಕಂಪನಿಯೇ ಜಾಹೀರಾತು ಮೆರೆಸಿದ ಹೆಸರನ್ನು ಇಟ್ಟುಕೊಂಡಿತು.

ಈ ಗೆಲುವು ಎಲ್ಲರಿಗೂ ಒಂದು ಸಂಗತಿ ತಿಳಿಸಿಕೊಟ್ಟಿತು. ಜಾಹೀರಾತಿನ ಹಾಡು ರೆಕಾರ್ಡ್ ಅಂಗಡಿಯಲ್ಲೂ ಬಿಕರಿಯಾಗಬಲ್ಲದು. ಆದರೆ ಎಡವುವ ಕಲ್ಲು ಅಂಕಿತವೇ ಆಗಿತ್ತು. ಎನ್‌ಎಚ್‌ಕೆ ಕಾನೂನಿನಂತೆ ಜಾಹೀರಾತು ಮಾಡುವಂತಿಲ್ಲ. ಸರಕಿನ ಹೆಸರಿರುವ ಹಾಡಿಗೆ ಅಲ್ಲಿ ಬಾಗಿಲು ಮುಚ್ಚಿತ್ತು. ಹೆಸರಿಲ್ಲದಿದ್ದರೆ ಯಾವ ಬಾಗಿಲಾದರೂ ತೆರೆಯುತ್ತದೆ. ಹೀಗೆ 1970ರ ದಶಕದ ನಡುವಿನಿಂದ ‘ಇಮೇಜ್ ಸಾಂಗ್’ ಎಂಬ ಹೊಸ ತಳಿ ಬಂತು. ಋತುವಿಗೊಂದು ಘೋಷವಾಕ್ಯ, ಆ ವಾಕ್ಯವೇ ಹಾಡಿನ ಹೆಸರು, ಸರಕಿನ ಹೆಸರು ಪರದೆಯ ಮೂಲೆಯಲ್ಲಿ ಮಾತ್ರ. ಶಿಸೇಯ್ಡೊ ಮತ್ತು ಕಾನೆಬೊ ಎಂಬ ಎರಡು ಪ್ರಸಾಧನ ಮನೆತನಗಳ ನಡುವಣ ಕದನ ಈ ಅಖಾಡದಲ್ಲೇ ನಡೆಯಿತು. 1978ರ ಬೇಸಿಗೆಯಲ್ಲಿ ಶಿಸೇಯ್ಡೊ ಪರವಾಗಿ ಯಜಾವಾ ಎಯ್ಕಿಚಿ ಎಂಬ ರಾಕ್ ಗಾಯಕ ಕಾಲವನ್ನೇ ನಿಲ್ಲೆಂದು ಬೇಡಿದರೆ, ಕಾನೆಬೊ ಪರವಾಗಿ ‘ಸರ್ಕಸ್’ ಎಂಬ ಗಾಯನ ತಂಡ ಒಂದು ಫ್ರೆಂಚ್ ಹಾಡನ್ನು ಜಪಾನಿಗಿಳಿಸಿ ಹಾಡಿತು. ಎರಡೂ ಮಾರಾಟದ ಪಟ್ಟಿಯಲ್ಲಿ ಮೊದಲ ಸ್ಥಾನ ಕಂಡವು. ಶರತ್ಕಾಲದಲ್ಲಿ ಹೊರಿಯುಚಿ ತಕಾವೊ ಶಿಸೇಯ್ಡೊಗಾಗಿ ಕಣ್ಣಿನ ಹೊಳಪನ್ನು 10,000 ವೋಲ್ಟಿನಲ್ಲಿ ಅಳೆದರು. ಅದೂ ಮೊದಲ ಸ್ಥಾನಕ್ಕೇರಿತು. 1979ರ ಶರತ್ಕಾಲದಲ್ಲಿ ಕುವಾನಾ ಮಸಾಹಿರೊ ಕಾನೆಬೊಗೆ ಸೇಡು ತೀರಿಸಿಕೊಟ್ಟರು. ಅದೇ ವರ್ಷ ವಕೋಲ್ ಕಂಪನಿಯ ಒಳಉಡುಪಿನ ಜಾಹೀರಾತಿಗೆ ಜೂಡಿ ಓಂಗ್ ಹಾಡಿದ ಹಾಡು ಹತ್ತು ಲಕ್ಷಕ್ಕೂ ಮಿಕ್ಕಿ ಮಾರಾಟವಾಗಿ, ವರ್ಷದ ‘ಜಪಾನ್ ರೆಕಾರ್ಡ್ ಪ್ರಶಸ್ತಿ’ ಗೆದ್ದು, ವರ್ಷದ ಕೊನೆಯ ರಾತ್ರಿ ಎನ್‌ಎಚ್‌ಕೆಯ ಮಹಾಗಾಯನ ವೇದಿಕೆಯನ್ನೂ ಹತ್ತಿತು. ಬ್ರಾ ಮಾರಿದ ಹಾಡೆಂದು ಯಾರೂ ತಡೆಯಲಿಲ್ಲ, ಏಕೆಂದರೆ ಹಾಡಿನಲ್ಲಿ ಅದರ ಸುಳಿವೇ ಇರಲಿಲ್ಲ.

ದಂಡೆಯ ಹುಡುಗರೂ ಈ ಹೊಳೆಗಿಳಿದರು. ಓತಾಕಿ ಎಯ್ಚಿ 1973ರಲ್ಲಿ ಮಿತ್ಸುಯಾ ಸೈಡರ್ ಎಂಬ ಪಾನೀಯಕ್ಕೆ ಹಾಡು ಕಟ್ಟಿ ವರ್ಷಗಟ್ಟಲೆ ಅದನ್ನು ಹೊಸದು ಮಾಡುತ್ತ ಬಂದರು. ಯಮಾಶಿತಾ ತತ್ಸುರೊ ಎಂಬ ಯುವಕ ತನ್ನ ರೆಕಾರ್ಡುಗಳು ಮಾರಾಟವಾಗದ ದಿನಗಳಲ್ಲಿ ಜಾಹೀರಾತಿನ ಕೆಲಸದಿಂದಲೇ ಕೈ ಪಳಗಿಸಿಕೊಂಡರು. ಅವರ ಋಣ ತೀರಿದ ರೀತಿ ವಿಚಿತ್ರ. 1983ರಲ್ಲಿ ಅವರು ಹೊರತಂದ ‘ಕ್ರಿಸ್‌ಮಸ್ ಈವ್’ ಯಾವ ಜಾಹೀರಾತಿಗೂ ಬರೆದದ್ದಲ್ಲ. 1987ರಲ್ಲಿ ರಾಷ್ಟ್ರೀಯ ರೈಲ್ವೆಯನ್ನು ಒಡೆದು ಖಾಸಗಿ ಕಂಪನಿಗಳಾಗಿ ಮಾಡಿದ ಮೇಲೆ, ನಗೋಯಾದ ಜೆಆರ್ ತೋಕಾಯ್ 1988ರ ಚಳಿಗಾಲದಿಂದ 1992ರವರೆಗೆ ತನ್ನ ಬುಲೆಟ್ ರೈಲಿನ ಜಾಹೀರಾತಿಗೆ ಈ ಹಾಡನ್ನು ಎತ್ತಿಕೊಂಡಿತು. ದೂರದಲ್ಲಿರುವ ಪ್ರಿಯನನ್ನು ಎದುರುಗೊಳ್ಳಲು ನಿಲ್ದಾಣಕ್ಕೆ ಓಡಿಬರುವ ಹುಡುಗಿ. 1989ರಲ್ಲಿ ಆ ನಿಲ್ದಾಣ ನಗೋಯಾದ್ದು, ಮೊಟ್ಟಮೊದಲ ಜಾಹೀರಾತು ಹಾಡು ಹೊರಟ ಊರಿನದು. ಹಾಡು ಬಂದು ಆರು ವರ್ಷದ ಮೇಲೆ, ಆ ಡಿಸೆಂಬರಿನಲ್ಲಿ, ಮೊದಲ ಸ್ಥಾನಕ್ಕೇರಿತು. ಅದಕ್ಕೂ ಮುಂಚಿನಿಂದಲೇ ವರ್ಷ ತಪ್ಪದೆ ಪಟ್ಟಿಗೆ ಮರಳುತ್ತ ಬಂದು, 30 ವರ್ಷ ಸತತವಾಗಿ ಕಾಣಿಸಿಕೊಂಡದ್ದಕ್ಕೆ 2016ರಲ್ಲಿ ಗಿನ್ನೆಸ್ ದಾಖಲೆಯ ಮನ್ನಣೆಯನ್ನೂ ಪಡೆಯಿತು.

ಅದೇ 1989ರ ಡಿಸೆಂಬರ್ 29ರಂದು ಟೋಕಿಯೊದ ನಿಕ್ಕೆಯ್ ಷೇರು ಸೂಚ್ಯಂಕ 38,915ಕ್ಕೆ ಮುಟ್ಟಿತು. ಉಬ್ಬಿದ ಆ ದಿನಗಳ ರಣಗೀತೆಯನ್ನು ಹಾಡಿಸಿದ್ದು ಲೂಲೂ ಮಾತ್ರೆಯ ಅದೇ ಸಾಂಕ್ಯೊ ಕಂಪನಿ. ಅದರ ‘ರಿಗೇನ್’ ಎಂಬ ಶಕ್ತಿಪೇಯಕ್ಕೆ ನಟ ತೊಕಿತೊ ಸಬುರೊ ಸೂಟು ತೊಟ್ಟು, ಚೀಲ ಹಿಡಿದು, ದೇಶದೇಶ ಹಾರುವ ಕಂಪನಿ ಸಿಪಾಯಿಯಾಗಿ ಹಾಡಿದರು. ಹಗಲಿರುಳೆನ್ನದೆ ಹೋರಾಡುವ ಕೆಚ್ಚು ನಿನಗಿದೆಯೇ ಎಂಬುದು ಹಾಡಿನ ಸವಾಲು. ಕುಡಿದು ಮತ್ತೇರಿದ ಗುಮಾಸ್ತರು ಅದನ್ನು ಎದೆಯುಬ್ಬಿಸಿ ಹಾಡಿದರು. 1988ರಲ್ಲೇ ವಕೀಲರು, ದುಡಿದು ದುಡಿದು ಸತ್ತವರ ಮನೆಯವರಿಗಾಗಿ ಸಹಾಯವಾಣಿ ತೆರೆದಿದ್ದರು. ಹಾಡೂ ಸಹಾಯವಾಣಿಯೂ ಒಂದೇ ಕಾಲದವು.

ಹಾಗೆ ಉಬ್ಬಿದ ಆರ್ಥಿಕತೆಯ ಗುಳ್ಳೆ ಒಡೆದ ಮೇಲೆ 1990ರ ದಶಕದ ಕಥೆ ಸಂಗೀತದ್ದಕ್ಕಿಂತ ವ್ಯಾಪಾರದ್ದು, ಬೇಗ ದಾಟಬಹುದು. ಜಾಹೀರಾತಿನ ಅವಧಿ 15 ಸೆಕೆಂಡು. ಅಷ್ಟರಲ್ಲಿ ಮನಸ್ಸಿಗೆ ನಾಟಬೇಕಾದ್ದರಿಂದ ಸಂಯೋಜಕರು ಪಲ್ಲವಿಯನ್ನೇ ಮೊದಲಿಗೆ ತಂದಿಟ್ಟರು; ಎಷ್ಟೋ ಹಾಡುಗಳ ಉಳಿದ ಭಾಗ ಮುದುಡಿತು. ಪೊಕಾರಿ ಸ್ವೆಟ್ ಪಾನೀಯಕ್ಕೆ 1993ರಲ್ಲಿ ಜಾರ್ಡ್ ಹಾಡಿದ್ದು, ಅದೇ ಚಳಿಗಾಲ ಅಲ್ಪೆನ್ ಎಂಬ ಸ್ಕೀ ಅಂಗಡಿಗೆ ಹಿರೊಸೆ ಕೋಮಿ ಹಾಡಿದ್ದು ಇಂದಿಗೂ ಕೇಳಲು ಹಿತ. ಉಳಿದವು ಬಹುಪಾಲು ಬಂದವು, ಮಾರಾಟವಾದವು, ಹೋದವು.

1999ರಲ್ಲಿ ಸಾಂಕ್ಯೊ ಮತ್ತೆ ರಿಗೇನ್ ಹೆಸರಿನಲ್ಲಿ ಒಂದು ಜಾಹೀರಾತು ತಂದಿತು. ಹತ್ತು ವರ್ಷದಲ್ಲಿ ಬ್ಯಾಂಕುಗಳು ಮುಳುಗಿದ್ದವು, ಕಂಪನಿಗಳು ಆಳುಗಳನ್ನು ಮನೆಗೆ ಕಳಿಸಿದ್ದವು. ಈ ಸಲ ಕಾಳಗದ ಮಾತಿರಲಿಲ್ಲ. ಸಕಾಮೊಟೊ ರ್ಯುಇಚಿ ಒಬ್ಬರೇ ಪಿಯಾನೊ ನುಡಿಸಿದರು. 1982ರಲ್ಲಿ ಇಮಾವಾನೊ ಕಿಯೊಶಿರೊ ಜೊತೆ ತುಟಿಗೆ ಬಣ್ಣ ಬಳಿದುಕೊಂಡು ಶಿಸೇಯ್ಡೊ ಹಾಡಿಗೆ ಕುಣಿದು ದೊಡ್ಡವರನ್ನು ಕಂಗೆಡಿಸಿದ್ದ ಸಕಾಮೊಟೊ ಇವರೇ. ನಡುವೆ ‘ದಿ ಲಾಸ್ಟ್ ಎಂಪರರ್’ ಚಿತ್ರಕ್ಕೆ ಆಸ್ಕರ್ ಪಡೆದು ಬಂದಿದ್ದರು. ‘ಎನರ್ಜಿ ಫ್ಲೋ’ ಎಂಬ ಆ ತುಣುಕಿನಲ್ಲಿ ಸರಕಿನ ಹೆಸರಿಲ್ಲ, ಘೋಷವಾಕ್ಯವಿಲ್ಲ, ಒಂದು ಪದವೂ ಇಲ್ಲ. ಅಂಕಿತ ಅಳಿದು, ಈಗ ಸಾಹಿತ್ಯವೂ ಅಳಿದಿತ್ತು. ದಣಿದ ಜನ ಹತ್ತು ಲಕ್ಷಗಳ ಲೆಕ್ಕದಲ್ಲಿ ಅದನ್ನು ಕೊಂಡರು. ಬರಿಯ ವಾದ್ಯಸಂಗೀತದ ಸಿಂಗಲ್ ಒಂದು ಓರಿಕಾನ್ ಎಂಬ ಮಾರಾಟದ ವಾರಪಟ್ಟಿಯಲ್ಲಿ ಮೊದಲ ಸ್ಥಾನಕ್ಕೆ ಬಂದದ್ದು ಅದೇ ಮೊದಲು.

ಆ ಹೊತ್ತಿಗೆ ಇನ್ನೊಂದು ಹಳೆಯ ಹಾಡು ನ್ಯಾಯಾಲಯದ ಮೆಟ್ಟಿಲೇರಿತ್ತು. 1966ರಲ್ಲಿ ಬ್ರಿಜ್‌ಸ್ಟೋನ್ ಟೈರಿಗಾಗಿ ಕೊಬಯಾಶಿ ಅಸೇಯ್ ಸಾಹಿತ್ಯ, ಸಂಗೀತ ಎರಡನ್ನೂ ತಾವೇ ಮಾಡಿದ್ದ, ಎಷ್ಟು ದೂರವಾದರೂ ನಡೆಯೋಣವೆಂಬ ಆಶಯದ ಹಾಡದು. ಟೈರಿನ ಮಾತು ಅದರಲ್ಲಿ ಇಲ್ಲವೇ ಇಲ್ಲ. 1992ರಲ್ಲಿ ಹತ್ತೊರಿ ಕತ್ಸುಹಿಸಾ ಎಂಬ ಹೆಸರಾಂತ ಸಂಯೋಜಕರು ಮಕ್ಕಳ ಟೀವಿ ಕಾರ್ಯಕ್ರಮವೊಂದಕ್ಕೆ ಮಾಡಿದ ‘ಕಿನೆಂಜು’ ತನ್ನ ಮಟ್ಟಿನ ನಕಲೆಂದು ಕೊಬಯಾಶಿ 1998ರಲ್ಲಿ ದಾವೆ ಹೂಡಿದರು. 2000ದಲ್ಲಿ ಕೆಳಗಿನ ನ್ಯಾಯಾಲಯ ಅವರ ವಾದವನ್ನು ಒಪ್ಪಲಿಲ್ಲ. ಟೋಕಿಯೊ ಹೈಕೋರ್ಟಿನ ನ್ಯಾಯಾಧೀಶರು ಎರಡೂ ಹಾಡುಗಳ ಸ್ವರಲಿಪಿಯನ್ನು ಅಕ್ಕಪಕ್ಕ ಹರಡಿಕೊಂಡು ಸ್ವರಕ್ಕೆ ಸ್ವರ ಹೋಲಿಸಿ ನೋಡಿದರು. 128 ಸ್ವರಗಳಲ್ಲಿ 92 ಒಂದೇ ಸ್ವರಸ್ಥಾನದಲ್ಲಿದ್ದವು. 2002ರ ಸೆಪ್ಟೆಂಬರಿನಲ್ಲಿ ಅವರು ಕೊಬಯಾಶಿ ಪರ ತೀರ್ಪು ಕೊಟ್ಟರು. ಮರುವರ್ಷ ಸುಪ್ರೀಂ ಕೋರ್ಟು ಹತ್ತೊರಿಯವರ ಮೇಲ್ಮನವಿಯನ್ನು ತಳ್ಳಿಹಾಕಿತು. ಟೈರು ಮಾರಲು ಕಟ್ಟಿದ ಮಟ್ಟು ದೇಶದ ಅತ್ಯುನ್ನತ ನ್ಯಾಯಪೀಠದ ಕಡತದಲ್ಲಿ ಒಬ್ಬ ಸಂಯೋಜಕನ ಸ್ವಂತ ಕೃತಿಯೆಂದು ದಾಖಲಾಯಿತು. 2021ರ ಮೇ ತಿಂಗಳಲ್ಲಿ ಕೊಬಯಾಶಿಯೂ ‘ಹಿಟಾಚಿಯ ಮರ’ಕ್ಕೆ ಸಾಹಿತ್ಯ ಬರೆದ ಇತೊ ಅಕಿರಾ ಅವರೂ ಹದಿನೈದು ದಿನಗಳ ಅಂತರದಲ್ಲಿ ತೀರಿಕೊಂಡರು.